ಟುಟಾಂಖಾಮನ್ ಕಠಾರಿ: ಎರಡು ಚಿತ್ರಗಳು ಹೊಂದದಿರುವುದೇಕೆ

ಪ್ರಾಚೀನ ಈಜಿಪ್ಟಿನ ಅರಸ ಟುಟಾಂಖಾಮನ್‌ನ ಕಠಾರಿಯ ಕುರಿತ ನಿಮ್ಮ ಲೇಖನಕ್ಕೆ ಆರಿಸಿದ ಎರಡು ಚಿತ್ರಗಳಲ್ಲಿ ಕಠಾರಿಯ ಅಲಗು ಒಂದರಲ್ಲಿ ಚಿನ್ನದ್ದಾಗಿಯೂ ಇನ್ನೊಂದರಲ್ಲಿ ಬೂದುಬಣ್ಣದ್ದಾಗಿಯೂ ಕಾಣುವುದಕ್ಕೆ ಕಾರಣ, ಬಹುಶಃ, ಟುಟಾಂಖಾಮನ್ ಮಮ್ಮಿಯ ಮೇಲೆ ಎರಡು ಕಠಾರಿಗಳಿದ್ದುದು. ಮೊದಲು ಹಿಡಿಯ ತುದಿಯನ್ನು ನೋಡಿ: ಅಲ್ಲಿ ಸ್ಫಟಿಕದ ಗುಂಡಿಯಿದ್ದರೆ ಅದು ಬಲತೊಡೆಯ ಬಳಿ ದೊರೆತ ಕಬ್ಬಿಣದ ಕಠಾರಿ. ಬಳಿಕ, ಸಮಾಧಿಯನ್ನು ಪತ್ತೆಹಚ್ಚಿದ ಪುರಾತತ್ತ್ವಜ್ಞ ಹೊವಾರ್ಡ್ ಕಾರ್ಟರ್ ಪ್ರತಿ ವಸ್ತುವಿಗೆ ಕೊಟ್ಟ ಸಂಖ್ಯೆಯನ್ನು ಪರಿಶೀಲಿಸಿ. ಕಬ್ಬಿಣದ್ದು 256ಕೆ, ಚಿನ್ನದ್ದು 256ಡಿಡಿ. ಆಕ್ಸ್‌ಫರ್ಡ್‌ನ ಗ್ರಿಫಿತ್ ಸಂಸ್ಥೆಯ ಜಾಲತಾಣದಲ್ಲಿ ಕಾರ್ಟರ್ ಅವರ ಟಿಪ್ಪಣಿ ಚೀಟಿಗಳು ಉಚಿತವಾಗಿ ಸಿಗುವುದರಿಂದ, ಚಿತ್ರದ ಅಡಿಬರಹಕ್ಕಿಂತ ಅವನ್ನೇ ನಂಬುವುದು ಲೇಸು. ಆ ಕಬ್ಬಿಣ ಉಲ್ಕೆಯದೆಂಬುದಕ್ಕೆ 2016ರ ವಿಶ್ಲೇಷಣೆಯಲ್ಲಿ ಕಂಡ ಸುಮಾರು ಶೇ. 11ರಷ್ಟು ನಿಕಲ್ ಬಲವಾದ ಆಧಾರ. ಆದರೆ ಆ ಕಠಾರಿ ಮಿತನ್ನಿ ಎಂಬ ಪ್ರಾಚೀನ ಪಶ್ಚಿಮ ಏಷ್ಯಾ ರಾಜ್ಯದ ಅರಸನ ಉಡುಗೊರೆಯೆಂಬ ಮಾತು, ಅಮರ್ನಾ ಪತ್ರವೊಂದರ (ಈಜಿಪ್ಟಿನ ಅಮರ್ನಾದಲ್ಲಿ ದೊರೆತ, ಅರಸರ ನಡುವಿನ ಮಣ್ಣಿನ ಫಲಕದ ಪತ್ರ) ಉಡುಗೊರೆಪಟ್ಟಿಯಲ್ಲಿ ಕಬ್ಬಿಣದ ಅಲಗಿನ ಕಠಾರಿ ಇರುವುದರಿಂದ ಹುಟ್ಟಿದ ಊಹೆಯಷ್ಟೇ. ಅದನ್ನು ಊಹೆಯೆಂದೇ ಬರೆಯಿರಿ.