ಹದಿನೆಂಟು ಮಕ್ಕಳ ಸರ್ಕಾರಿ ಶಾಲೆಗೆ ಮಗಳನ್ನ ಸೇರಿಸಬಹುದಾ?

ಯಶವಂತಪುರದ ಓದುಗರೇ, ಮನೆ ಹತ್ರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೇಲಿ ಒಟ್ಟು ಹದಿನೆಂಟೇ ಮಕ್ಕಳು, ಒಂದು ಎರಡು ಮೂರನೇ ಕ್ಲಾಸು ಒಂದೇ ರೂಮಲ್ಲಿ, ಮಗಳನ್ನ ಅಲ್ಲಿಗೆ ಹಾಕೋಣ ಅಂದ್ರೆ ಅತ್ತೆ ಮನೆಯವರು "ಅದೂ ಒಂದು ಸ್ಕೂಲಾ" ಅಂತಾರೆ ಅಂತ ಬರೆದಿದೀರ. ಮಕ್ಕಳು ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಆ ಶಾಲೆ ಬಿಡಬೇಡಿ, ಇದು ನನ್ನ ಉತ್ತರ.

ಮೂರು ಕ್ಲಾಸು ಒಟ್ಟಿಗೆ ಕೂರಿಸೋದು ರೂಮಿಲ್ಲ ಅಂತಲ್ಲ. ಅದು ನಲಿ-ಕಲಿ, ಅಂದ್ರೆ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲೇ ಕಲಿಯೋ ಪದ್ಧತಿ. ಆಂಧ್ರದ ರಿಷಿ ವ್ಯಾಲಿ ಸುತ್ತಲಿನ ಹಳ್ಳಿ ಶಾಲೆಗಳನ್ನ ನೋಡ್ಕೊಂಡು ಬಂದು 1995ರಲ್ಲಿ ಎಚ್.ಡಿ. ಕೋಟೇಲಿ ಶುರು ಮಾಡಿದ್ದು, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆಲ್ಟರ್ನೇಟಿವ್ ಸ್ಕೂಲ್ ಅಂತ ಇದೇ ಬೆಂಗಳೂರಲ್ಲಿ ಜನ ಸಾಲ ಮಾಡಿ ಫೀಸ್ ಕಟ್ತಾರಲ್ಲ, ಅಲ್ಲಿ ಹುಡುಕೋದ್ರಲ್ಲಿ ಎಷ್ಟೋ ಇಲ್ಲೇ ಪುಕ್ಕಟೆ ಇದೆ.

ಮಗು ಗೋಡೆ ಮೇಲಿನ ಕಲಿಕಾ ಏಣೀಲಿ, ಅಂದ್ರೆ ಕಲಿಕೆಯ ಮೆಟ್ಟಿಲುಗಳನ್ನ ಚಿತ್ರಗಳಲ್ಲಿ ತೋರಿಸೋ ಪಟ್ಟೀಲಿ, ತಾನೆಲ್ಲಿದೀನಿ ಅಂತ ನೋಡುತ್ತೆ, ಆ ಮೆಟ್ಟಿಲಿನ ಚಿತ್ರ ಇರೋ ಕಾರ್ಡನ್ನ ತಾನೇ ಎತ್ಕೊಂಡು ಆ ಕಾರ್ಡಿನ ತಟ್ಟೆಗೆ, ಅಂದ್ರೆ ಗುಂಪಿಗೆ, ಹೋಗಿ ಕೂರುತ್ತೆ, ಒಂದು ತಟ್ಟೇಲಿ ಟೀಚರ್ ಪೂರ್ತಿ ಜೊತೇಲಿರ್ತಾರೆ, ಇನ್ನೊಂದರಲ್ಲಿ ಗೆಳತಿ ಹೇಳ್ಕೊಡ್ತಾಳೆ, ಮತ್ತೊಂದರಲ್ಲಿ ಒಬ್ಬಳೇ ಮಾಡ್ಬೇಕು. ಜ್ವರ ಬಂದು ವಾರ ಹೋಗ್ಲಿಲ್ಲ ಅಂದ್ರೂ ಬಿಟ್ಟ ಕಾರ್ಡಿಂದಲೇ ಮತ್ತೆ ಶುರು. ಎಷ್ಟು ದೊಡ್ಡ ವಿಷಯ ಇದು! ನಲವತ್ತು ಮಕ್ಕಳ ಕ್ಲಾಸಲ್ಲಿ ಯಾರು ಕಾಯ್ತಾರೆ ಹೇಳಿ.

ನೀವು ವಿಚಾರಿಸಬೇಕಾದ್ದು ಟೀಚರ್ ಬಗ್ಗೆ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ, 60 ಮಕ್ಕಳವರೆಗೂ ಇಬ್ಬರು ಟೀಚರ್ ಇರಲೇಬೇಕು. ಒಬ್ಬರೇ ಇದ್ದು ಅವರನ್ನೂ ಸರ್ವೇ, ಎಲೆಕ್ಷನ್ ಡ್ಯೂಟಿ ಅಂತ ಎಳೆದಾಡಿದ್ರೆ ಕಾರ್ಡು ಕಪಾಟಲ್ಲೇ ಉಳಿಯುತ್ತೆ, ಆಗ ಮಾತ್ರ ಯೋಚ್ನೆ ಮಾಡಿ. ಇನ್ನೊಂದು, ನಲಿ-ಕಲಿ ಮೂರನೇ ಕ್ಲಾಸಿಗೆ ಮುಗಿಯುತ್ತೆ, ನಾಲ್ಕರಲ್ಲಿ ಮಾಮೂಲಿ ಪುಸ್ತಕದ ಪಾಠ, ಕೆಲವು ಮಕ್ಕಳು ಅಲ್ಲಿ ತಡವರಿಸ್ತಾರೆ, ಅದಕ್ಕೇನು ಮಾಡ್ತೀರ ಅಂತ ಹೆಡ್ ಮಿಸ್‌ನ ನೇರವಾಗಿ ಕೇಳಿ.

ಈ ಶಾಲೆನ ಮುಚ್ಚಿ ಬೇರೆ ಶಾಲೆ ಜೊತೆ ಸೇರಿಸಿಬಿಡ್ತಾರೆ ಅನ್ನೋ ವಿಲೀನದ ಭಯಾನೂ ಬರೆದಿದೀರ. ಅದು ಸುಳ್ಳಲ್ಲ, ಸಂಖ್ಯೆ ಇಳಿದಷ್ಟೂ ಆ ಮಾತು ಜೋರಾಗುತ್ತೆ, ಆಮೇಲೆ ಆರು ವರ್ಷದ ಕೂಸು ಮೇನ್ ರೋಡ್ ದಾಟಿ ಓಡಾಡ್ಬೇಕು. ಅದಕ್ಕೇ ಮಗಳನ್ನ ಸೇರಿಸಿದ ಮೇಲೆ ಎಸ್‌ಡಿಎಂಸಿಗೂ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ, ಬನ್ನಿ. ಕಾನೂನಿನ ಪ್ರಕಾರ ಶಾಲಾ ಸಮಿತೀಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರೇ ಇರ್ಬೇಕು, ಎರಡನೇ ಟೀಚರ್ ಬೇಕು ಅಂತ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಕೇಳೋಕೆ ನಿಮಗೆ ಹಕ್ಕಿದೆ.

ಈ ವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಮಗಳನ್ನೂ ಕರ್ಕೊಂಡು ಹೋಗಿ, ಕೇಳ್ಕೊಂಡು ಒಂದು ಪೀರಿಯಡ್ ಹಿಂದೆ ಕೂತು ನೋಡಿ. ಸಾಧ್ಯ ಆದ್ರೆ ಅತ್ತೇನೂ ಬರ್ಲಿ.

— ಸಂಪಾದಕ