ಲೈಬ್ರರಿಯನ್‌ಗಳ ಕೈಬರಹದ ಝೀನ್‌ಗೆ ಒಂದು ಹಾಳೆ ಕೊಡಬೇಕು, ಏನು ಬರೆಯಲಿ?

ಲೈಬ್ರರಿಯನ್ ಗೆಳೆಯರೆಲ್ಲ ಸೇರಿ ಝೀನ್, ಅಂದ್ರೆ ಕೈಯಲ್ಲೇ ಮಾಡುವ ಪುಟ್ಟ ಪತ್ರಿಕೆ, ತರುತ್ತಿದ್ದೀರಿ, ತಲೆಗೊಂದು ಹಾಳೆ, ಆದರೆ ನಿಮಗೆ ಕತೆ ಕವಿತೆ ಬರೆದು ಅಭ್ಯಾಸ ಇಲ್ಲ, ಚಿತ್ರವೂ ಬರಲ್ಲ, ಏನು ಕೊಡಲಿ ಅಂತ ಕೇಳಿದ್ದೀರಿ. ನಾನೂ ಇಂಥದ್ದೊಂದಕ್ಕೆ ಹಾಳೆ ಕೊಟ್ಟಿದ್ದೇನೆ. ಕೌಂಟರಿನ ಹಿಂದೆ ಕೂತವರಿಗೆ ಮಾತ್ರ ಕಾಣುವಂಥ ಒಂದು ವಸ್ತು ಆರಿಸಿಕೊಳ್ಳಿ. ಅದರ ಬಗ್ಗೆ ಬರೆಯಿರಿ. ಕವಿತೆ ಬೇಕಾಗಿಲ್ಲ.

ನಾನು ಆರಿಸಿದ್ದು ಒಂದು ಡೇಟ್ ಸ್ಲಿಪ್, ಅಂದ್ರೆ ಪುಸ್ತಕ ಕೊಡುವಾಗೆಲ್ಲ ತಾರೀಖಿನ ಮುದ್ರೆ ಒತ್ತುವ ಚೀಟಿ. ಜೇನು ಸಾಕಣೆ ಬಗ್ಗೆ ಒಂದು ಹಳೇ ಪುಸ್ತಕ ನಮ್ಮಲ್ಲಿತ್ತು. ಅದರ ಕೊನೇ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ 1991ರಿಂದ 1998ರವರೆಗೆ ಒಂಬತ್ತು ಮುದ್ರೆ. ಆಮೇಲೆ ಏನೂ ಇಲ್ಲ. ರದ್ದು ಮಾಡುವ ಪುಸ್ತಕಗಳ ಪಟ್ಟಿಗೆ ಅದನ್ನೂ ಸೇರಿಸಿ ಪಕ್ಕಕ್ಕಿಟ್ಟಿದ್ದೆ. 2021ರಲ್ಲಿ ಒಬ್ಬರು ಬಂದು, ಜೇನಿನ ಬಗ್ಗೆ ಏನಾದ್ರೂ ಇದೆಯಾ ಅಂದರು. ಧೂಳು ಒರೆಸಿ ಕೊಟ್ಟೆ. ಹತ್ತನೇ ಮುದ್ರೆ ಬಿತ್ತು. 1931ರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಲೈಬ್ರರಿಗಳಿಗೆ ಅಂತ ಕೊಟ್ಟ ಐದು ಸೂತ್ರಗಳಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನೋದು. ಪರೀಕ್ಷೆಗೆ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇ ಅಲ್ವಾ? ಅವತ್ತು ಅದನ್ನು ಕಣ್ಣಾರೆ ಕಂಡೆ.

ಹಾಳೆಯ ಮೇಲೆ ಆ ಚೀಟಿಯನ್ನೇ ಮತ್ತೆ ಮಾಡಿದೆ. ನಮ್ಮ ಡೇಟ್ ಮುದ್ರೆಯ ರಬ್ಬರ್ ಪಟ್ಟಿಯಲ್ಲಿ ಇರೋದು ಹತ್ತು ಹನ್ನೆರಡು ವರ್ಷ ಮಾತ್ರ. ತೊಂಬತ್ತರ ದಶಕದ ತಾರೀಖು ಅದರಲ್ಲಿ ಎಲ್ಲಿ ಬರಬೇಕು? ಹಳೇ ಒಂಬತ್ತನ್ನೂ ಪೆನ್ನಲ್ಲಿ ಬರೆದೆ. ಹತ್ತನೆಯದಕ್ಕೆ ಮಾತ್ರ ಮುದ್ರೆ ಒತ್ತಿದೆ. 1998ಕ್ಕೂ 2021ಕ್ಕೂ ನಡುವೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟೆ. ಕೆಳಗೆ ಐದು ಸಾಲು, ಅಷ್ಟೇ. ಓದಿದವರೆಲ್ಲ ಆ ಖಾಲಿ ಜಾಗದ ಬಗ್ಗೆಯೇ ಕೇಳಿದರು.

ನಿಮ್ಮ ಹತ್ತಿರವೂ ಇಂಥದ್ದು ಇದ್ದೇ ಇರುತ್ತದೆ. ವಾಪಸ್ ಬಂದ ಪುಸ್ತಕದೊಳಗೆ ಸಿಕ್ಕ ಬಸ್ ಟಿಕೆಟ್, ನವಿಲುಗರಿ. ಲೈಬ್ರರಿಗೆ ಬಂದ ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನ ಮೊದಲ ಪುಟದ ಕೈಬರಹ. ಮಕ್ಕಳು ಪುಸ್ತಕ ಕೇಳುವ ರೀತಿ: ಹೆಸರು ಗೊತ್ತಿರಲ್ಲ, ರಟ್ಟಿನ ಬಣ್ಣ ಮಾತ್ರ ನೆನಪಿರುತ್ತದೆ.

ಆದರೆ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಯಾರು ಏನು ಓದಿದರು ಅನ್ನೋದು ನಮ್ಮ ಬಾಯಿಂದ ಹೊರಗೆ ಹೋಗಬಾರದು. ಹೆಸರು ಬಿಟ್ಟರೆ ಸಾಲದು. ಚಿಕ್ಕ ಊರಲ್ಲಿ ಜೇನು ಪೆಟ್ಟಿಗೆ ಇಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ನಾನು ಊರಿನ ಹೆಸರು ಹಾಕಲಿಲ್ಲ, ಬಂದವರು ಹೆಂಗಸೋ ಗಂಡಸೋ ಅಂತಲೂ ಬರೆಯಲಿಲ್ಲ. ಪುಸ್ತಕದೊಳಗೆ ಕಾಗದ ಪತ್ರ ಸಿಕ್ಕಿದ್ದರೆ ಅದನ್ನು ಝೀನ್‌ಗೆ ಹಾಕಲೇಬೇಡಿ. ಅದು ಅವರದು, ಕರೆದು ಕೊಟ್ಟುಬಿಡಿ.

ಅಕ್ಷರ ಚೆನ್ನಾಗಿಲ್ಲ, ಟೈಪ್ ಮಾಡಿಸಲಾ ಅಂತಲೂ ಕೇಳಿದ್ದೀರಿ. ಬೇಡ. ಕನ್ನಡದ ಮೊದಲ ಪತ್ರಿಕೆ, 1843ರಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ತಂದ ಮಂಗಳೂರ ಸಮಾಚಾರ, ಅಚ್ಚಾಗಿದ್ದು ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನಿಂದ ಹಾಳೆಗೆ ಇಳಿಯುತ್ತಿತ್ತು. ನಮ್ಮ ಪತ್ರಿಕೆಗಳ ಕತೆ ಶುರುವಾಗಿದ್ದೇ ಕೈಬರಹದಿಂದ. ನಿಧಾನವಾಗಿ, ಸ್ವಲ್ಪ ದೊಡ್ಡದಾಗಿ ಬರೆಯಿರಿ, ಸಾಕು.

ಈಗ ನಾನು ಮಾಡಿದ ತಪ್ಪು. ನಾವು 18 ಜನ. ತಲೆಗೊಂದು ಎ5 ಹಾಳೆ, ಅಂದ್ರೆ ಎ4ರ ಅರ್ಧ, ಎರಡೂ ಬದಿ, 25 ಪ್ರತಿ ಜೆರಾಕ್ಸ್ ಮಾಡಿಸಿ ಒಬ್ಬರಿಗೆ ಕಳಿಸಬೇಕಿತ್ತು. ಅವರು ಎಲ್ಲ ಜೋಡಿಸಿ, ದಬ್ಬಣದಲ್ಲಿ ಮೂರು ತೂತು ಮಾಡಿ ಪಕ್ಕದಲ್ಲಿ ಹೊಲಿದರು. ನಾನು ಎಡಗಡೆ ಬಿಟ್ಟಿದ್ದು ಒಂದೇ ಸೆಂಟಿಮೀಟರ್. ಪ್ರತಿ ಸಾಲಿನ ಮೊದಲ ಅಕ್ಷರ ಹೊಲಿಗೆಯೊಳಗೆ ಹೋಯಿತು. ಇಷ್ಟು ವರ್ಷ ಪುಸ್ತಕ ಬೈಂಡಿಂಗಿಗೆ ಕಳಿಸಿದ ನನಗೆ ಆ ಹಾಳೆ ನೋಡಿ ತುಂಬಾ ಬೇಜಾರಾಯಿತು. ನೀವು ಎರಡು ಸೆಂಟಿಮೀಟರ್ ಬಿಡಿ. ಹಿಂಬದಿಯಲ್ಲಿ ಆ ಜಾಗ ಬಲಗಡೆಗೆ ಬರುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಉಳಿದ ಮೂರು ಅಂಚಿಗೆ ಅರ್ಧ ಸೆಂಟಿಮೀಟರ್ ಸಾಕು, ಜೆರಾಕ್ಸ್ ಮೆಷಿನ್ ತುದಿಯವರೆಗೆ ಅಚ್ಚು ಹಾಕಲ್ಲ. ತಿಳಿ ನೀಲಿ ಪೆನ್ನು, ಪೆನ್ಸಿಲ್ ಬೇಡ, ಮೂಡಲ್ಲ. ಕಪ್ಪು ಪೆನ್ನೇ ಸರಿ. ಏನಾದ್ರೂ ಅಂಟಿಸುವುದಾದರೆ ಗ್ಲೂ ಸ್ಟಿಕ್ ಹಚ್ಚಿ, ನೀರಾದ ಗೋಂದಿಗೆ ಹಾಳೆ ಸುಕ್ಕಾಗುತ್ತದೆ. ಅಂಟಿಸಿದ ತುಂಡಿನ ಅಂಚು ಜೆರಾಕ್ಸಿನಲ್ಲಿ ಕಪ್ಪು ಗೆರೆಯಾಗಿ ಬರುತ್ತದೆ, ಅಲ್ಲಿ ಸ್ವಲ್ಪ ವೈಟ್ನರ್ ಸವರಿ.

ಇಂಥದ್ದನ್ನೆಲ್ಲ ಯಾರು ಇಟ್ಟುಕೊಳ್ತಾರೆ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಲೈಬ್ರರಿಯಲ್ಲಿ ಝೀನ್‌ಗಳಿಗೇ ಅಂತ ಒಂದು ಸಂಗ್ರಹ ಇದೆ, ಕ್ಯಾಟಲಾಗ್ ಕೂಡ ಮಾಡುತ್ತಾರೆ. ನೀವೂ ಒಂದು ಪ್ರತಿಗೆ ನಂಬರ್ ಹಾಕಿ ಕಪಾಟಿಗೆ ಸೇರಿಸಿ.

25 ಕೇಳಿದ್ದರೆ 28 ಮಾಡಿಸಿ. ಒಂದೆರಡು ಅಂಚೆಯಲ್ಲಿ ಮಡಚಿಹೋಗುತ್ತವೆ, ಒಂದನ್ನು ತಲೆಕೆಳಗಾಗಿ ಹೊಲಿದುಬಿಡುತ್ತಾರೆ. ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ. ಮೂಲ ಹಾಳೆ ಮಾತ್ರ ಕೊಡಬೇಡಿ, ನಿಮ್ಮ ಹತ್ತಿರವೇ ಇರಲಿ. ನನ್ನದನ್ನು ಆ ಜೇನಿನ ಪುಸ್ತಕದೊಳಗೇ ಇಟ್ಟಿದ್ದೇನೆ, ಮುಂದೆ ತಗೊಂಡು ಹೋಗುವವರಿಗೆ ಸಿಗಲಿ ಅಂತ.