ಓಡುವುದು ಕುದುರೆಯಾದರೆ ಪದಕ ಸವಾರನಿಗೇಕೆ?

ಒಲಿಂಪಿಕ್ಸ್‌ನ ಅಶ್ವಾರೋಹಣ ಸ್ಪರ್ಧೆಯಲ್ಲಿ ಓಡುವುದೂ ನೆಗೆಯುವುದೂ ಕುದುರೆಯೇ ಆಗಿರುವಾಗ ಪದಕವನ್ನು ಸವಾರನ ಕೊರಳಿಗೆ ಏಕೆ ಹಾಕುತ್ತಾರೆ, ಮೇಲೆ ಕುಳಿತವನು ಮಾಡುವ ಕೆಲಸವಾದರೂ ಏನು ಎಂದು ತಾವು ಕೇಳಿದ್ದೀರಿ. ಸವಾರಿ ಕಲಿಯಲು ಹೋಗುವ ಮುನ್ನ ನನಗೂ ಇದೇ ಅನುಮಾನವಿತ್ತು. ಮೊದಲ ವಾರದಲ್ಲಿ ನಾನು ಲಗಾಮನ್ನು ಎಳೆದಷ್ಟೂ ಕುದುರೆ ಕತ್ತು ಚಾಚಿ ಅಷ್ಟೇ ಬಲವಾಗಿ ತನ್ನತ್ತ ಎಳೆಯುತ್ತಿತ್ತು. ಸುಮಾರು ಐನೂರು ಕಿಲೋ ತೂಗುವ ಪ್ರಾಣಿಯೊಡನೆ ಹಗ್ಗಜಗ್ಗಾಟಕ್ಕಿಳಿದರೆ ಇನ್ನೇನಾದೀತು! ಕೊನೆಗೊಂದು ದಿನ, ಸೋತು ಕೈ ಸಡಿಲಿಸಿ, ಉಸಿರು ಬಿಟ್ಟು, ಬೆನ್ನು ನೇರ ಮಾಡಿ ಸೊಂಟದ ಭಾರವನ್ನು ಜೀನಿನ ಮೇಲೆ ಇಳಿಬಿಟ್ಟಾಗ ಅದು ಎರಡು ಹೆಜ್ಜೆಯಲ್ಲಿ ತಾನಾಗಿಯೇ ನಿಂತುಬಿಟ್ಟಿತು.

ಸವಾರನ ಕೆಲಸ ತೋಳ್ಬಲದ್ದಲ್ಲ ಎಂಬುದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಅವರನ್ನು ಕುದುರೆಯ ಮೇಲೆ ಹತ್ತಿಸುವುದಕ್ಕೂ ಇಳಿಸುವುದಕ್ಕೂ ಬೇರೆಯವರ ನೆರವು ಬೇಕಿತ್ತು. ಹಾಗಿದ್ದೂ, ಕುದುರೆಯಿಂದ ನಿಗದಿತ ನಡೆಗಳನ್ನು ಅಚ್ಚುಕಟ್ಟಾಗಿ ಮಾಡಿಸಿ ತೋರಿಸುವ ಡ್ರೆಸಾಜ್ ಸ್ಪರ್ಧೆಯಲ್ಲಿ ಮಹಿಳೆಯರಿಗೆ ಮೊದಲ ಬಾರಿಗೆ ಅವಕಾಶ ದೊರೆತ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರು ಪುರುಷರೊಡನೆ ಸ್ಪರ್ಧಿಸಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೊಮ್ಮೆ ಗೆದ್ದರು. ಇಂದಿಗೂ ಈ ಕ್ರೀಡೆಯಲ್ಲಿ ಗಂಡು ಹೆಣ್ಣಿಗೆ ಬೇರೆ ಬೇರೆ ವಿಭಾಗಗಳಿಲ್ಲ.

ಇನ್ನು ನೆಗೆತದ ಮಾತು. ಕುದುರೆ ಆ ಅಂಕಣದ ತಡೆಗಳನ್ನು ಮೊದಲ ಸಲ ನೋಡುವುದು ಸ್ಪರ್ಧೆಯ ಹೊತ್ತಿನಲ್ಲೇ. ಅದಕ್ಕೆ ಮುಂಚೆ ಸವಾರನೊಬ್ಬನೇ ಬೂಟು ಹಾಕಿಕೊಂಡು ದಾರಿಯುದ್ದಕ್ಕೂ ನಡೆದು, ತಡೆಯಿಂದ ತಡೆಗೆ ಇರುವ ದೂರವನ್ನು ಹೆಜ್ಜೆಯಿಂದ ಅಳೆಯುತ್ತಾನೆ. ಕ್ಯಾಂಟರ್ ಎಂಬ ಹದವಾದ ಓಟದಲ್ಲಿ ಕುದುರೆಯ ಒಂದು ದಾಪು ಸುಮಾರು 3.6 ಮೀಟರ್, ಅಂದರೆ ಮನುಷ್ಯನ ನಾಲ್ಕು ದೊಡ್ಡ ಹೆಜ್ಜೆ. ಇಳಿಯುವುದಕ್ಕೆ ಎರಡು, ಮೇಲೇಳುವುದಕ್ಕೆ ಎರಡು ಹೆಜ್ಜೆ ಕಳೆದು ಉಳಿದದ್ದನ್ನು ನಾಲ್ಕರಿಂದ ಭಾಗಿಸಿದರೆ ದಾಪುಗಳ ಲೆಕ್ಕ ಸಿಗುತ್ತದೆ. ಲೆಕ್ಕ ಐದೂವರೆ ಬಂದರೆ, ದಾಪನ್ನು ಹಿಗ್ಗಿಸಿ ಐದರಲ್ಲಿ ಮುಗಿಸಬೇಕೋ ಕುಗ್ಗಿಸಿ ಆರು ಮಾಡಬೇಕೋ ಎಂಬುದನ್ನು ತನ್ನ ಕುದುರೆಯ ಸ್ವಭಾವ ಬಲ್ಲ ಸವಾರನೇ ನಿರ್ಧರಿಸಬೇಕು. ಆ ನಿರ್ಧಾರ ತಪ್ಪಿದರೆ ಕುದುರೆ ತಡೆಗೆ ತೀರ ಹತ್ತಿರವೋ ತೀರ ದೂರವೋ ಬಂದು ಕಂಬ ಬೀಳಿಸುತ್ತದೆ, ಇಲ್ಲವೇ ನೆಗೆಯಲು ಒಪ್ಪದೆ ನಿಂತುಬಿಡುತ್ತದೆ.

ಇದರ ಬೆಲೆ ಎಷ್ಟೆಂಬುದು ಬೆಂಗಳೂರಿನ ಫೌವಾದ್ ಮಿರ್ಜಾ ಅವರ ಟೋಕಿಯೊ ಒಲಿಂಪಿಕ್ಸ್ ಸ್ಪರ್ಧೆಯಲ್ಲಿ ಕಾಣುತ್ತದೆ. ಡ್ರೆಸಾಜ್, ಬಯಲಿನ ಅಡೆತಡೆಗಳನ್ನು ದಾಟುತ್ತಾ ಓಡುವ ಕ್ರಾಸ್ ಕಂಟ್ರಿ, ಅಂಕಣದ ಜಂಪಿಂಗ್ ಮೂರೂ ಸೇರಿದ ಈವೆಂಟಿಂಗ್‌ನಲ್ಲಿ ಪೆನಾಲ್ಟಿ, ಅಂದರೆ ದಂಡದ ಅಂಕ, ಕಡಿಮೆಯಿದ್ದವರು ಮುಂದು. ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯೊಡನೆ ಅವರು ಡ್ರೆಸಾಜ್ ಮುಗಿಸಿದಾಗ ಪೆನಾಲ್ಟಿ 28 ಇತ್ತು. ಕ್ರಾಸ್ ಕಂಟ್ರಿಯಲ್ಲಿ ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4ರಂತೆ ಅದಕ್ಕೆ 11.20 ಸೇರಿತು, ಅಂದರೆ ಕೇವಲ 28 ಸೆಕೆಂಡಿನ ತಡ. ಅವರು ಕೊನೆಗೆ 23ನೆಯವರಾದರು, ನನ್ನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ.

ಸವಾರನಿಗೂ ಕುದುರೆಗೂ ಪರಿಚಯವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಟೋಕಿಯೊದಲ್ಲೇ ಜಗತ್ತು ನೋಡಿತು. ಕುದುರೆ ಸವಾರಿಯೂ ಸೇರಿ ಐದು ಆಟಗಳನ್ನು ಒಬ್ಬರೇ ಆಡಬೇಕಿದ್ದ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಚೀಟಿ ಎತ್ತಿ ಕೊಟ್ಟ ಅಪರಿಚಿತ ಕುದುರೆಯೊಡನೆ ಪಳಗಲು ಇದ್ದ ಸಮಯ 20 ನಿಮಿಷ ಮಾತ್ರ. ಮುನ್ನಡೆಯಲ್ಲಿದ್ದ ಜರ್ಮನಿಯ ಆನಿಕಾ ಶ್ಲೊಯ್ ಅವರ ಪಾಲಿಗೆ ಬಂದ ಸೇಂಟ್ ಬಾಯ್, ಹಿಂದಿನ ಸವಾರಳೊಡನೆಯೂ ತಕರಾರು ಮಾಡಿದ್ದ ಕುದುರೆ, ಮುಂದಡಿಯಿಡಲು ನಿರಾಕರಿಸಿತು. ಸವಾರಿಯಲ್ಲಿ ಸೊನ್ನೆ ಅಂಕ ಬಂದು ಅವರು 31ನೇ ಸ್ಥಾನಕ್ಕೆ ಜಾರಿದರು. ಗೋಳಾಡುತ್ತಾ ಚಾಟಿ ಬೀಸಿದ ಆ ದೃಶ್ಯದ ಬಳಿಕ ಎದ್ದ ಟೀಕೆಗಳಿಂದಾಗಿ, 2024ರ ಪ್ಯಾರಿಸ್ ಕೂಟದ ನಂತರ ಪೆಂಟಾಥ್ಲಾನ್‌ನಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಲಾಯಿತು.

ಆದರೂ ತಮ್ಮ ಪ್ರಶ್ನೆಯಲ್ಲಿ ಅರ್ಧ ನ್ಯಾಯವಿದೆ. ಅಧಿಕೃತ ಫಲಿತಾಂಶದ ಪಟ್ಟಿಯಲ್ಲಿ ಸವಾರನ ಪಕ್ಕದಲ್ಲೇ ಕುದುರೆಯ ಹೆಸರೂ ಇರುತ್ತದೆ, ನಮ್ಮ ಸುದ್ದಿಗಳಲ್ಲಿ ಮಾತ್ರ ಅದು ಬಿಟ್ಟುಹೋಗುವುದೇ ಹೆಚ್ಚು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸಾಜ್ ತಂಡ 209.205 ಅಂಕಗಳೊಡನೆ ಚಿನ್ನ ಗೆದ್ದು, ಅಶ್ವಾರೋಹಣದಲ್ಲಿ 1982ರ ದೆಹಲಿ ಕೂಟದ ನಂತರದ ಮೊದಲ ಚಿನ್ನ ತಂದಿತು. ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಎಂಬ ಹೆಸರುಗಳನ್ನು ಆಗ ಎಲ್ಲರೂ ಓದಿದರು. ಅವರನ್ನು ಹೊತ್ತಿದ್ದವು ಎಟ್ರೊ, ಎಮರಾಲ್ಡ್, ಅಡ್ರಿನಾಲಿನ್ ಫಿರ್ಫೊಡ್ ಮತ್ತು ಚಿನ್ಸ್ಕಿ.